ಗಾಲಿ ಅವರಿಗೆ, ಬ್ಲೇಡು ಇವರಿಗೆ

ಸಂಪಗಾಂವದಲ್ಲಿ ಸಿದ್ದಲಿಂಗವ್ವನ ಹೆಸರು ಎತ್ತಿದರೆ ಸಾಕು, ಕೇಳಿದವರ ಮುಖದಲ್ಲಿ ಮೊದಲು ನಗೆ ಮೂಡುತ್ತದೆ, ಮಾತು ಆಮೇಲೆ. "ಕಣಕಿ ಮಷಿನ್ನ ಪಾಲು ಮಾಡಿಸಿದಾಕಿ ಹೌದಲ್ರಿ?" ಎನ್ನುತ್ತಾರೆ. ಆಕೆ ಹೊಲ ನೋಡಿದಳು, ಎಮ್ಮೆ ಸಾಕಿದಳು, ಇಬ್ಬರು ಗಂಡುಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದಳು, ಹಾಸಿಗೆ ಹಿಡಿದ ಅತ್ತೆಯನ್ನು ಕೊನೆಯತನಕ ಜೋಪಾನ ಮಾಡಿದಳು. ಅದು ಯಾವುದೂ ಊರಿಗೆ ನೆನಪಿಲ್ಲ. ಊರಿಗೆ ನಗಲು ಬೇಕಾದದ್ದು ಮಾತ್ರ ನೆನಪಿರುತ್ತದೆ. ನಕ್ಕವರಲ್ಲಿ ಒಬ್ಬರಾದರೂ ಆಕೆ ಹಾಗೇಕೆ ಮಾಡಿದಳು ಎಂದು ಎರಡು ನಿಮಿಷ ಯೋಚಿಸಿದ್ದರೆ ನಾನಿದನ್ನು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಜೋಳದ ಕಣಕಿ ಎಂದರೇನೆಂದು ದನ ಕಟ್ಟಿದವರಿಗೆ ಹೇಳಬೇಕಾಗಿಲ್ಲ. ತೆನೆ ಮುರಿದುಕೊಂಡ ಮೇಲೆ ಉಳಿಯುವ ಆಳೆತ್ತರದ ದಂಟು ಅದು. ಒಣಗಿ ಬಣವೆ ಸೇರಿತೆಂದರೆ ಬಿದಿರಿನ ತಮ್ಮನಂತೆ ಗಟ್ಟಿಯಾಗುತ್ತದೆ. ಇಡೀ ದಂಟನ್ನೇ ಗೋದಲಿಗೆ ಹಾಕಿದರೆ ದನಗಳು ಎಲೆಯನ್ನಷ್ಟೇ ಜಗಿದು, ಉಳಿದದ್ದನ್ನು ಕಾಲಡಿ ತುಳಿದು, ಅದರ ಮೇಲೆಯೇ ಗಂಜಲ ಹೊಯ್ದು, ಏನೂ ಅರಿಯದವರಂತೆ ನಮ್ಮ ಮುಖ ನೋಡುತ್ತವೆ. ಅದಕ್ಕೇ ಕಣಕಿಯನ್ನು ಬೆರಳುದ್ದಕ್ಕೆ ಕಡಿದು ಹಾಕಬೇಕು. ಹಾಗೆ ಹಾಕಿದರೆ ಬಣವೆ ಮುಂಗಾರಿನ ತನಕ ಬರುತ್ತದೆ, ಎಮ್ಮೆ ಹಾಲು ಬಿಡುತ್ತದೆ, ಎತ್ತಿನ ಮೈ ನಿಲ್ಲುತ್ತದೆ.

ಸಿದ್ದಲಿಂಗವ್ವ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಕಣಕಿ ಕಡಿಯಲು ಇದ್ದದ್ದು ಒಂದು ಕೊಡಲಿ, ಒಂದು ಕೊರಡು. ಕೊರಡಿನ ಮೇಲೆ ಎಡಗೈಲಿ ಕಣಕಿ ಒತ್ತಿ ಹಿಡಿದು ಬಲಗೈಲಿ ಕೊಡಲಿ ಎತ್ತಿ ಹಾಕುವುದು. ಎರಡು ಜೋಡಿ ಎತ್ತು, ಮೂರು ಎಮ್ಮೆ, ಕರುಗಳು. ಅವೆಲ್ಲದರ ಹೊಟ್ಟೆಗೆ ಆಗುವಷ್ಟು ಕಡಿಯುವ ಹೊತ್ತಿಗೆ ರಟ್ಟೆ ಬಿದ್ದುಹೋಗುತ್ತಿತ್ತು. ಅಂಗೈಯ ಗುಳ್ಳೆ ಒಡೆದು, ಮತ್ತೆ ಎದ್ದು, ಕೊನೆಗೆ ಅವೂ ಬೇಸತ್ತು ಏಳುವುದನ್ನೇ ಬಿಟ್ಟವು. ಆಕೆಗೆ ಮಾತ್ರ ಬೇಸರ ಇರಲಿಲ್ಲ. ಕಡಿದ ಕಣಕಿಯಿಂದ ಏಳುವ ಸಿಹಿ ಧೂಳಿನ ವಾಸನೆ ಆಕೆಗೆ ಇಷ್ಟವಾಗಿತ್ತು.

ತೊಂಬತ್ತೊಂದರಲ್ಲಿ ಮನೆಗೆ ಮಷಿನ್ನು ಬಂತು. ಸಿದ್ದಲಿಂಗವ್ವನ ಗಂಡ ಮಡಿವಾಳೆಪ್ಪ ಮತ್ತು ಅವನ ತಮ್ಮ ನಿಜಗುಣಪ್ಪ ಕೂಡಿ ಬೈಲಹೊಂಗಲದಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ಹಿತ್ತಲಿನ ಬೇವಿನ ಗಿಡದ ಕೆಳಗೆ ಅದನ್ನು ಹುಗಿದು ನಿಲ್ಲಿಸಿದರು. ನಾಲ್ಕು ಕಬ್ಬಿಣದ ಕಾಲು, ಕಣಕಿ ಮಲಗಿಸುವ ಉದ್ದನೆಯ ತೊಟ್ಟಿ, ತೊಟ್ಟಿಯ ಬಾಯಲ್ಲಿ ಕಣಕಿಯನ್ನು ಕಚ್ಚಿ ಎಳೆದುಕೊಳ್ಳುವ ಹಲ್ಲಿನ ಉರುಳೆಗಳು, ಅದರ ಮುಂದೆ ಎದೆಯೆತ್ತರದ ದೊಡ್ಡ ಗಾಲಿ. ಗಾಲಿಯ ಕಡ್ಡಿಗಳಿಗೆ ಬಾಗಿದ ಎರಡು ಬ್ಲೇಡುಗಳನ್ನು ನಟ್ಟು ಬೋಲ್ಟು ಹಾಕಿ ಬಿಗಿಯುವುದು. ಒಬ್ಬರು ಕಣಕಿ ನೂಕಬೇಕು, ಒಬ್ಬರು ಗಾಲಿ ತಿರುವಬೇಕು. ಮಷಿನ್ನಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಕಣಕಿಯ ಮೊದಲ ಸಿವುಡು ಕಡಿದಾಗ ಓಣಿಯೇ ಬಂದು ನಿಂತಿತ್ತು.

ಗಾಲಿ ತಿರುವಲು ಸಿದ್ದಲಿಂಗವ್ವ ನಿಂತಳು, ಕಣಕಿ ನೂಕಲು ನೆಗೆಣ್ಣಿ ಶೈಲಜಾ. ನಿಜಗುಣಪ್ಪನ ಹೆಂಡತಿ ಈ ಶೈಲಜಾ ಮುನವಳ್ಳಿಯ ಹುಡುಗಿ. ನವಿಲುತೀರ್ಥದ ಕಾಲುವೆ ನೀರಿನ ಬದಿಯಲ್ಲಿ ಹಸಿ ಹುಲ್ಲು ಕೊಯ್ದು ದನಗಳಿಗೆ ಹಾಕಿ ಬೆಳೆದವಳು. ಕಣಕಿ ಮುಟ್ಟಿದರೆ ಕೈ ಗೀಚುತ್ತದೆ ಎಂದು ಮೊದಲ ದಿನ ಸೆರಗು ಸುತ್ತಿಕೊಂಡು ನಿಂತಿದ್ದಳು. ಉರುಳೆಯ ಹಲ್ಲು ನೋಡಿದ್ದೇ ಆಕೆಯ ಮುಖ ಬಿಳಿಚಿತು.

"ಬೆರಳ ಬಿಚ್ಚಬ್ಯಾಡ ಶೈಲಾ, ಮುಷ್ಟಿ ಮಾಡಿ ನೂಕು. ಹಲ್ಲು ಕಚ್ಚಿ ಎಳಕೊಂಡಕೂಡಲೆ ಕೈ ಬಿಟ್ಟಬಿಡು," ಎಂದು ಸಿದ್ದಲಿಂಗವ್ವ ಹೇಳಿಕೊಟ್ಟಳು. "ಗಾಲಿ ನನ್ನ ಕೈಯಾಗ ಐತಿ. ನನ್ನ ಕಣ್ಣು ನಿನ್ನ ಕೈ ಮ್ಯಾಲ ಇರತೈತಿ. ಅಂಜಬ್ಯಾಡ."

ಅಂದಿನಿಂದ ಇಬ್ಬರೂ ಜೋಡಿಯಾದರು. ಸಿದ್ದಲಿಂಗವ್ವನಿಗೆ ಅಕ್ಕತಂಗಿಯರು ಇರಲಿಲ್ಲ. ಇಲ್ಲ ಎನ್ನುವ ಕೊರಗೂ ಆಕೆಗೆ ಗೊತ್ತಿರಲಿಲ್ಲ. ಶೈಲಜಾ ಬಂದ ಮೇಲೆ, ಇಷ್ಟು ವರ್ಷ ತನಗೆ ಏನು ಇರಲಿಲ್ಲ ಎನ್ನುವುದು ಆಕೆಗೆ ತಿಳಿಯಿತು.

ಮಷಿನ್ನು ಬಂದು ಎರಡು ವರ್ಷ ತುಂಬುವುದರೊಳಗೆ ಮನೆ ಒಡೆಯಿತು. ಒಡೆದದ್ದು ಒಂದು ಎತ್ತಿನಿಂದ. ನಿಜಗುಣಪ್ಪ ಕರುವಿನಿಂದ ಸಾಕಿ ದೊಡ್ಡದು ಮಾಡಿದ ಎತ್ತು ಒಂದು ಕಾಲು ಎಳೆಯುತ್ತಿತ್ತು. ಸವದತ್ತಿ ಕಡೆಯವರು ಕೇಳಿಕೊಂಡು ಬಂದಾಗ ಮಡಿವಾಳೆಪ್ಪ ತಮ್ಮನಿಗೊಂದು ಮಾತು ಹೇಳದೆ ಕೊಟ್ಟುಬಿಟ್ಟ. ಸಂಜೆ ಹೊಲದಿಂದ ಬಂದ ನಿಜಗುಣಪ್ಪ ಖಾಲಿ ಗೂಟ ನೋಡಿದ. ಆಮೇಲೆ ನಡೆದದ್ದು ಎತ್ತಿನ ಜಗಳ ಎಂದರೆ ತಪ್ಪಾದೀತು. ದಾಯಾದಿಗಳು ಒಮ್ಮೆ ಬಾಯಿ ಬಿಟ್ಟರೆ ಎತ್ತಿನಿಂದ ಶುರುವಾದದ್ದು ಯಾರ ಮದುವೆಗೆ ಯಾರು ಏನು ಮಾಡಿದರು ಎನ್ನುವತನಕ ಹೋಗುತ್ತದೆ. ಇದೂ ಹೋಯಿತು. ವಾರದೊಳಗೆ ಒಲೆ ಎರಡಾದವು. ತಿಂಗಳೊಳಗೆ ಪಾಲು ಮಾಡಲು ಊರ ಹಿರಿಯ ಮಲಕಾಜಪ್ಪ ಬಂದು ಕಟ್ಟೆಯ ಮೇಲೆ ಕುಳಿತ.

ಹೊಲ ಪಾಲಾಯಿತು. ಮನೆಯನ್ನು ನಡುಗೋಡೆಗೆ ಎರಡು ಮಾಡಿದರು. ದನ, ಪಾತ್ರೆ, ಹಗ್ಗ, ಬಾರುಕೋಲು ಎಲ್ಲವೂ ಆದವು. ಅಣ್ಣತಮ್ಮರು ಎದುರುಬದುರು ಕುಳಿತು, ಒಬ್ಬರ ಮುಖ ಒಬ್ಬರು ನೋಡದೆ, ಮಲಕಾಜಪ್ಪನ ಮುಖವನ್ನಷ್ಟೇ ನೋಡಿಕೊಂಡು ಹೂಂ ಹೂಂ ಎನ್ನುತ್ತಿದ್ದರು. "ಅವರ ಹೊಸ್ತಲಾ ಯಾರರೆ ತುಳದ್ರ ನನ್ನ ಮನಿಗೆ ಬರೂದು ಬ್ಯಾಡ" ಎಂದು ಇಬ್ಬರೂ ತಂತಮ್ಮ ಹೆಂಡಂದಿರಿಗೆ ಹಿಂದಿನ ದಿನವೇ ಕಟ್ಟಪ್ಪಣೆ ಮಾಡಿದ್ದರು. ಆ ಒಂದು ವಿಷಯದಲ್ಲಿ ಮಾತ್ರ ಅಣ್ಣತಮ್ಮರಿಗೆ ಒಮ್ಮತವಿತ್ತು.

ಕೊನೆಗೆ ಉಳಿದದ್ದು ಕಣಕಿ ಮಷಿನ್ನು. "ಇದನ್ನೇನು ಕೊಯ್ಯಾಕ ಬರಂಗಿಲ್ಲ. ಚೀಟಿ ಎತ್ತೂಣು, ಯಾರ ದೈವಕ್ಕ ಬರತೈತಿ ಅವರು ಒಯ್ರಿ," ಎಂದ ಮಲಕಾಜಪ್ಪ.

ಬಾಗಿಲ ಮರೆಯಲ್ಲಿ ನಿಂತಿದ್ದ ಸಿದ್ದಲಿಂಗವ್ವ ಚೀಟಿಯ ಮಾತು ಕೇಳಿಸಿಕೊಂಡಳು. ಮಷಿನ್ನು ಯಾರಿಗೇ ಹೋಗಲಿ, ಹೋಗದವರು ಮುಂದಿನ ಸುಗ್ಗಿಗೆ ಇನ್ನೊಂದು ತರುತ್ತಾರೆ. ಹಿತ್ತಲಲ್ಲಿ ಕಲ್ಲಿನ ಗೋಡೆ ಏಳುತ್ತದೆ. ಅಲ್ಲಿಗೆ ಮುಗಿಯಿತು. ಆಚೆ ಶೈಲಜಾ ಬದುಕಿದ್ದಾಳೋ ಸತ್ತಿದ್ದಾಳೋ ಎಂದು ಕೇಳಲಿಕ್ಕೂ ನೆವ ಇರುವುದಿಲ್ಲ. ಆಕೆ ಇಷ್ಟನ್ನೂ ಒಂದು ಉಸಿರಿನಲ್ಲಿ ಯೋಚಿಸಿದಳು, ಇನ್ನೊಂದು ಉಸಿರಿನಲ್ಲಿ ಹೊರಗೆ ಬಂದಳು.

"ಕಾಕಾರ, ಚೀಟಿ ಬ್ಯಾಡ್ರಿ. ಗಾಲಿ ನಮಗಿರ್ಲಿ, ಬ್ಲೇಡು ಅವರಿಗೆ ಕೊಡ್ರಿ."

ಕಟ್ಟೆಯ ಮೇಲಿದ್ದವರೆಲ್ಲ ಘೊಳ್ಳೆಂದು ನಕ್ಕರು. "ಬರೇ ಗಾಲಿ ತಗೊಂಡು ಏನ್ ಬಂಡಿ ಹೂಡತೀ ಏನವಾ ತಂಗೀ?" ಎಂದ ಮಲಕಾಜಪ್ಪ.

"ತರೂಮುಂದ ಇಬ್ರೂ ಕೂಡಿ ತಂದಾರ್ರಿ. ಒಬ್ಬರಿಗೆ ಪೂರಾ ಯಾಕ ಹೋಗಬೇಕು? ನನ್ನ ಪಾಲಿನ ಗಾಲಿ ನಾ ಬಿಡಾಕಿ ಅಲ್ಲ."

ಮಡಿವಾಳೆಪ್ಪನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಆದರೆ ತಮ್ಮನಿಗೆ ಮಷಿನ್ನು ಪೂರಾ ಹೋಗುವುದಿಲ್ಲವಲ್ಲ ಎನ್ನುವ ಸಮಾಧಾನ ನಾಚಿಕೆಗಿಂತ ದೊಡ್ಡದಾಗಿತ್ತು. ನಿಜಗುಣಪ್ಪನ ಲೆಕ್ಕವೂ ಅದೇ. ಇಬ್ಬರೂ ಹೂಂ ಎಂದರು. ಸಿಟ್ಟಿನಲ್ಲಿರುವ ಗಂಡಸರ ಬುದ್ಧಿ ಎಷ್ಟು ದೂರ ಓಡುತ್ತದೆ ಎನ್ನುವುದನ್ನು ಆಕೆ ಸರಿಯಾಗಿಯೇ ಅಳೆದಿದ್ದಳು.

ಹಿತ್ತಲ ಗೋಡೆಯೂ ಎದ್ದಿತು. ಆದರೆ ಮಷಿನ್ನು ಇಬ್ಬರದೂ ಆಗಿದ್ದರಿಂದ ಬೇವಿನ ಗಿಡದ ತನಕ ಬಂದ ಗೋಡೆ ಅಲ್ಲಿಗೆ ನಿಂತುಬಿಟ್ಟಿತು.

ಮರುದಿನದಿಂದ ಊರಿಗೆ ಪುಕ್ಕಟೆ ನಾಟಕ. ದನಗಳು ಹಟ್ಟಿಗೆ ಬರುವ ಹೊತ್ತಿಗೆ ಶೈಲಜಾ ಹಳೆಯ ಸೀರೆಯ ತುಂಡಿನಲ್ಲಿ ಎರಡು ಬ್ಲೇಡು ಸುತ್ತಿಕೊಂಡು, ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದು ಬೇವಿನ ಗಿಡದ ಕೆಳಗೆ ಬರುವಳು. ಸಿದ್ದಲಿಂಗವ್ವ ಗಾಲಿಗೆ ಎಣ್ಣೆ ಬಿಟ್ಟು ಕಾಯುತ್ತಿರುವಳು. ಬ್ಲೇಡು ಬಿಗಿಯುವುದು, ಇಬ್ಬರ ಮನೆಯ ಕಣಕಿಯನ್ನೂ ಕಡಿಯುವುದು, ಮತ್ತೆ ಬ್ಲೇಡು ಬಿಚ್ಚುವುದು, ಒರೆಸುವುದು, ಸುತ್ತಿಕೊಂಡು ಹೋಗುವುದು. ಇಲ್ಲೇ ಬಿಟ್ಟು ಹೋಗು ಎಂದು ಇವಳು ಹೇಳಲಿಲ್ಲ, ಬಿಟ್ಟು ಹೋಗುತ್ತೇನೆ ಎಂದು ಅವಳೂ ಅನ್ನಲಿಲ್ಲ. ಹೊಸ್ತಿಲು ತುಳಿದರೆ ತಾನೇ ತಪ್ಪು? ಹಿತ್ತಲಲ್ಲಿ ನಿಂತು ಕಣಕಿ ಕಡಿದರೆ ಅದು ದನದ ಕೆಲಸ. ದನದ ಹೊಟ್ಟೆಗೆ ಅಡ್ಡ ಬರುವಷ್ಟು ಕೆಟ್ಟವರು ಆ ಅಣ್ಣತಮ್ಮರು ಆಗಿರಲಿಲ್ಲ.

ಊರು ಸಿದ್ದಲಿಂಗವ್ವನನ್ನು ಜಿಪುಣಿ ಎಂದಿತು, ಹಟಮಾರಿ ಎಂದಿತು. ನಲ್ಲಿಯ ಹತ್ತಿರ ಹೆಂಗಸರು ಮೂಗು ಮುರಿದರು. ಆಕೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು. ಒಳಗೆ ಆಗಾಗ ಚುಚ್ಚುತ್ತಿತ್ತು, ಚುಚ್ಚುತ್ತಿರಲಿಲ್ಲ ಎಂದರೆ ಸುಳ್ಳು. ನಿಜ ಹೇಳಿಕೊಳ್ಳುವ ಹಾಗಿರಲಿಲ್ಲ. ಹೇಳಿದರೆ ಮಡಿವಾಳೆಪ್ಪ ಅದೇ ದಿನ ಗಾಲಿಯನ್ನು ಗುಜರಿಗೆ ಹಾಕುತ್ತಿದ್ದ.

ಆ ಸಂಜೆಗಳು ಎಂಥ ಸಂಜೆಗಳು! ಈಗ ಅಂಥವು ಯಾರಿಗೂ ಸಿಗುವುದಿಲ್ಲ. ಗಾಲಿಯ ಖರ್ರ್ ಶಬ್ದದ ಒಳಗೆ ಎರಡು ಹೆಂಗಸರ ಮಾತು ಅಡಗಿಕೊಂಡಿರುತ್ತಿತ್ತು. ಗಾಲಿಯ ಹಿಡಿಕೆ ಮೇಲೆ ಹೋದಾಗ ಒಂದು ಮಾತು, ಕೆಳಗೆ ಬಂದಾಗ ಅದಕ್ಕೆ ಉತ್ತರ. ಯಾರ ಎಮ್ಮೆ ಗಬ್ಬ ನಿಂತಿತು, ಯಾವ ಹುಣಸೆ ಚೆನ್ನಾಗಿದೆ, ನಿಜಗುಣಪ್ಪ ಸಿಟ್ಟಿಗೆದ್ದಾಗ ಏನಂದ, ಮಡಿವಾಳೆಪ್ಪ ನಿದ್ದೆಯಲ್ಲಿ ಏನು ಬಡಬಡಿಸಿದ. ಬ್ಲೇಡು ಸುತ್ತಿದ ಬಟ್ಟೆಯಲ್ಲಿ ಶೇಂಗಾದ ಹೋಳಿಗೆ ಬರುತ್ತಿತ್ತು, ವಾಪಸು ಹೋಗುವಾಗ ಅದೇ ಬಟ್ಟೆಯಲ್ಲಿ ಅಗಸಿ ಚಟ್ನಿ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಬ್ಲೇಡಿಗೆ ಅಲ್ಲಿ, ಗಾಲಿಗೆ ಇಲ್ಲಿ ಪೂಜೆ ಮಾಡಿದರೆ ಶಿವ ಮೆಚ್ಚುವುದಿಲ್ಲ ಎಂದು ಸಿದ್ದಲಿಂಗವ್ವ ಹೊಸ ಶಾಸ್ತ್ರವೊಂದನ್ನು ಹುಟ್ಟಿಸಿದಳು. ಎರಡನ್ನೂ ಕೂಡಿಸಿಯೇ ಪೂಜೆ ಆಗುತ್ತಿತ್ತು, ಎರಡೂ ಮನೆಯ ನೈವೇದ್ಯ ಒಂದೇ ತೊಟ್ಟಿಯ ಮೇಲೆ.

ಶೈಲಜಾ ಬಾಣಂತನಕ್ಕೆ ಮುನವಳ್ಳಿಗೆ ಹೋದ ವರ್ಷ ಬ್ಲೇಡು ತರುವ ಕೆಲಸ ನಿಜಗುಣಪ್ಪನ ಪಾಲಿಗೆ ಬಂತು. ಬಂದು, "ವೈನಿ, ಬ್ಲೇಡು ತಂದೇನ್ರಿ" ಎಂದು ನೆಲ ನೋಡುತ್ತ ಅತ್ತಿಗೆಗೆ ಹೇಳುವನು. ಕಣಕಿ ನೂಕುವನು, ಬಿಚ್ಚಿಕೊಂಡು ಹೋಗುವನು. ಹೀಗಿರುವಾಗ ಒಂದು ಸಂಜೆ ಸಿದ್ದಲಿಂಗವ್ವನಿಗೆ ಜ್ವರ ಬಂತು. ಜ್ವರ ಬಂದದ್ದು ಖರೆ. ಎದ್ದು ಗಾಲಿ ತಿರುವಲಾರದಷ್ಟು ಬಂದಿತ್ತೋ ಇಲ್ಲವೋ ಎನ್ನುವುದು ಆಕೆಗೂ ಆ ಶಿವನಿಗೂ ಬಿಟ್ಟದ್ದು. ಕಂಬಳಿ ಹೊದ್ದು ಮಲಗಿ, "ದನಾ ಒದರಾಕ ಹತ್ಯಾವು, ಗಾಲಿಗೆ ನೀವು ಹೋಗ್ರಿ" ಎಂದು ಗಂಡನಿಗೆ ಹೇಳಿದಳು.

ಮಡಿವಾಳೆಪ್ಪ ಹೋದ. ತೊಟ್ಟಿಯ ಆ ತುದಿಗೆ ತಮ್ಮ, ಈ ತುದಿಗೆ ಅಣ್ಣ. ಮಾತಿಲ್ಲ, ಕತೆಯಿಲ್ಲ. ಸಿದ್ದಲಿಂಗವ್ವ ಮೆಲ್ಲಗೆ ಎದ್ದು ಕಿಟಕಿಯ ಮರೆಯಲ್ಲಿ ನಿಂತಳು. ಮಡಿವಾಳೆಪ್ಪ ಗಾಲಿಯನ್ನು ಕೂಸಿನ ತೊಟ್ಟಿಲು ತೂಗಿದಷ್ಟು ನಿಧಾನ ತಿರುವುತ್ತಿದ್ದ. ಮುಖ ಗಂಟಿಕ್ಕಿಕೊಂಡೇ ಇತ್ತು, ಆದರೆ ಕಣ್ಣು ಮಾತ್ರ ತಮ್ಮನ ಮುಷ್ಟಿಯಿಂದ ಆಚೀಚೆ ಹೋಗುತ್ತಿರಲಿಲ್ಲ. ಒಂದು ದಪ್ಪ ದಂಟು ಹಲ್ಲಿನಲ್ಲಿ ಸಿಕ್ಕಿಕೊಂಡಿತು. ಬಿಡಿಸಲು ನಿಜಗುಣಪ್ಪ ಕೈ ಮುಂದೆ ಹಾಕಿದ. ಮಡಿವಾಳೆಪ್ಪ ಎರಡೂ ಕೈಯಿಂದ ಗಾಲಿಯನ್ನು ತಬ್ಬಿ ಹಿಡಿದು ಕೂಗಿದ:

"ಕೈ ತಗಿಯೋ ನಿಜಗುಣಾ!"

"ತಗದೇನಿ ಅಣ್ಣಾ, ತಗದೇನಿ."

ಮನೆ ಪಾಲಾದ ಮೇಲೆ ಅವರಿಬ್ಬರ ನಡುವೆ ಬಂದ ಮೊದಲ ಮಾತು ಅದು. ಕಿಟಕಿಯ ಹಿಂದೆ ಸಿದ್ದಲಿಂಗವ್ವ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಜ್ವರ ಅವತ್ತೇ ಬಿಟ್ಟಿತು.

ಅಣ್ಣತಮ್ಮರು ಅಲ್ಲಿಂದ ಒಂದಾದರು ಎಂದು ತಿಳಿಯಬೇಡಿ, ಅಷ್ಟು ಸುಲಭದ ಜನ ಅವರಲ್ಲ. ಆದರೆ ಆ ವರ್ಷ ದಸರೆಯಲ್ಲಿ ನಿಜಗುಣಪ್ಪ ಬನ್ನಿ ಎಲೆಗಳನ್ನು ತಂದು ಮಷಿನ್ನಿನ ತೊಟ್ಟಿಯಲ್ಲಿಟ್ಟು ಹೋದ. ಸ್ವಲ್ಪ ಹೊತ್ತಿನ ಮೇಲೆ ಮಡಿವಾಳೆಪ್ಪ ಆಚೀಚೆ ನೋಡಿ, ಎಲೆ ಎತ್ತಿ ಕಣ್ಣಿಗೊತ್ತಿಕೊಂಡು ಟೊಪ್ಪಿಗೆಯಲ್ಲಿಟ್ಟುಕೊಂಡ. ಬಾಗಿಲಿಗೆ ಬಂದು ಕೊಡುವುದು, ತೆಗೆದುಕೊಳ್ಳುವುದು ಆಗಲೇ ಇಲ್ಲ. ಮುಂದೆ ಪ್ರತಿ ವರ್ಷವೂ ತೊಟ್ಟಿಯೇ ಇಬ್ಬರ ನಡುವಿನ ಟಪಾಲು ಡಬ್ಬಿಯಾಯಿತು.

ಹೀಗೆ ವರ್ಷಗಳು ಉರುಳಿದವು. ಹೊಲಗಳಲ್ಲಿ ಜೋಳ ಕಡಿಮೆಯಾಗಿ ಸೋಯಾ ಬಂತು. ಟ್ರ್ಯಾಕ್ಟರು ಬಂದು ಎತ್ತುಗಳು ಒಂದೊಂದಾಗಿ ಗೂಟ ಖಾಲಿ ಮಾಡಿದವು. ಎಮ್ಮೆಗಳಿದ್ದವು, ಕಣಕಿ ಇತ್ತು, ಸಂಜೆಯೂ ಇತ್ತು. ಬ್ಲೇಡುಗಳು ಮಸೆದು ಮಸೆದು ಅರ್ಧ ಅಗಲ ಉಳಿದಿದ್ದವು. ಸಿದ್ದಲಿಂಗವ್ವನ ಬಲ ರಟ್ಟೆ ನೋಯಲು ಶುರುವಾದದ್ದು ಆ ದಿನಗಳಲ್ಲೇ. ರಾತ್ರಿ ಅರಿಶಿನ ಅರೆದು ಹಚ್ಚಿ, ಬಟ್ಟೆ ಬಿಗಿದು, ಹಗಲು ಅದರ ಮೇಲೆ ಸೆರಗು ಮುಚ್ಚಿಕೊಂಡು ತಿರುಗಿದಳು. ನೋವು ಅಂದರೆ, ಗಾಲಿಗೆ ಬೇರೆ ಯಾರಾದರೂ ನಿಲ್ಲಲಿ ಎನ್ನುತ್ತಾರೆ. ಗಾಲಿ ಬಿಟ್ಟುಕೊಟ್ಟರೆ ತನಗೆ ಉಳಿಯುವುದೇನು?

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಶೈಲಜಾ ಯಾವುದೋ ಮದುವೆಗೆಂದು ತವರಿಗೆ ಹೋದಳು. ಎರಡನೇ ದಿನ ನಿಜಗುಣಪ್ಪನ ಮನೆಯ ಮುಂದೆ ಒಂದು ಟೆಂಪೋ ಬಂದು ನಿಂತಿತು. ಕರೆಂಟಿನ ಕಣಕಿ ಮಷಿನ್ನು ಇಳಿಯಿತು. ಹಸಿರು ಬಣ್ಣದ್ದು, ಹೊಸದು, ಮೋಟಾರು ಅದಕ್ಕೇ ಕೂಡಿಕೊಂಡಿತ್ತು. ಸ್ವಿಚ್ಚು ಹಾಕಿ ಕಣಕಿ ಕೊಟ್ಟರೆ ಒಬ್ಬರೇ ಇಡೀ ಬಣವೆ ಕಡಿಯಬಹುದಂತೆ. ಸಿದ್ದಲಿಂಗವ್ವ ಗೋಡೆಯ ಈಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಸಂಜೆ, ನಿಜಗುಣಪ್ಪನ ಮನೆಯ ಆಳು ಶಂಕರೆಪ್ಪ ಬಂದ. ಅವನ ಕೈಯಲ್ಲಿ ಆ ಹಳೆಯ ಸೀರೆಯ ತುಂಡಿನ ಗಂಟು ಇತ್ತು.

"ಸಾವ್ಕಾರ್ರು ಬ್ಲೇಡು ಕಳಸ್ಯಾರ್ರಿ ಅಮ್ಮಾರ. ಇನ್ನ ಅವರಿಗೆ ಬ್ಯಾಡಂತ. ಪೂರಾ ಮಷಿನ್ನು ನೀವs ಇಟಗೋಬೇಕಂತ."

ಸಿದ್ದಲಿಂಗವ್ವ ಗಂಟನ್ನು ಮುಟ್ಟಲಿಲ್ಲ. "ಅವು ನಮ್ಮ ಪಾಲಿನ್ಯಾವಲ್ಲ. ಒಯ್ದು ಕೊಡು."

ಶಂಕರೆಪ್ಪ ಒಯ್ದ. ಸ್ವಲ್ಪ ಹೊತ್ತಿಗೆ ಮತ್ತೆ ತಂದ. ಮತ್ತೆ ಕಳಿಸಿದಳು. ಮೂರನೆಯ ಸಲ ಅವನಿಗೂ ತಲೆ ಚಿಟ್ಟು ಹಿಡಿದು, ಗಂಟನ್ನು ಹಳೆಯ ಮಷಿನ್ನಿನ ತೊಟ್ಟಿಯಲ್ಲಿಟ್ಟು, "ನೀವು ನೀವು ಬಗೀಹರಸ್ಕೋರಿ" ಎಂದು ಮನೆಗೆ ಹೋಗಿಬಿಟ್ಟ. ಊರಿಗೆ ಇನ್ನೊಂದು ನಗೆ ಸಿಕ್ಕಿತು. ಗಾಲಿಗಾಗಿ ಜಗಳ ತೆಗೆದವಳಿಗೆ ಈಗ ಪುಕ್ಕಟೆ ಬಂದ ಬ್ಲೇಡು ಬೇಡವಂತೆ!

ಆಕೆ ಅಟ್ಟ ಹತ್ತಿ ಕೊಡಲಿ ಇಳಿಸಿದಳು. ಒಲೆಯ ಹತ್ತಿರ ಬಿದ್ದಿದ್ದ ಕೊರಡನ್ನು ಹಿತ್ತಲಿಗೆ ಉರುಳಿಸಿದಳು. ನೋಯುವ ರಟ್ಟೆಯಲ್ಲೇ ಕಣಕಿ ಕಡಿಯತೊಡಗಿದಳು. ತುಂಡುಗಳು ಗೇಣುದ್ದ ಬೀಳುತ್ತಿದ್ದವು. ಎಮ್ಮೆಗಳು ಮೂಸಿ ನೋಡಿ ಮುಖ ತಿರುಗಿಸಿದವು.

ಮರುದಿನವೂ ಅದೇ ನಡೆದಾಗ ಮಡಿವಾಳೆಪ್ಪನಿಗೆ ತಡೆಯಲಾಗಲಿಲ್ಲ. "ನಿನಗ ತಲಿಗಿಲಿ ಕೆಟ್ಟೈತೇನ? ಬ್ಲೇಡು ಅಲ್ಲೇ ಬಿದ್ದಾವು. ಜೋಡಿಸಿದ್ರ ಮುಗೀತು. ಗಾಲಿ ನಾ ತಿರುವತೇನಿ."

"ಬ್ಲೇಡು ತಗೊಂಡು ಏನ್ ಮಾಡ್ಲಿರಿ?" ಎಂದಳು ಆಕೆ. ಕೊಡಲಿ ಕೈಯಲ್ಲೇ ಇತ್ತು. "ಅವನ್ನ ಹಿಡಕೊಂಡು ಬರಾಕಿ ಬರಂಗಿಲ್ಲಲ್ಲ. ನನಗ ಯಾವತ್ತ ಬೇಕಾಗಿತ್ತು ಗಾಲಿ? ಗಾಲಿ ತಗೊಂಡು ನಾ ಏನ್ ತಲೀ ಮ್ಯಾಲ ಹೊತ್ಕೋಬೇಕಾಗಿತ್ತೇನ? ಆ ಹುಡುಗಿ ದಿನಾ ಒಂದು ತಾಸು ನನ್ನ ಕಣ್ಣ ಮುಂದ ಇರ್ಲಿ ಅಂತ ಇಟಗೊಂಡೆ. ನೀವಿಬ್ರೂ ಮಾರಿ ತಿರುವಿಕೊಂಡು ಕುಂತಿರಿ. ನಾ ಏನ್ ಮಾಡಬೇಕಾಗಿತ್ತು?"

ಊರ ಮುಂದೆ ತನ್ನನ್ನು ನಗೆಗೀಡು ಮಾಡಿದ ಹೆಂಗಸು ಎಂದು ಮಡಿವಾಳೆಪ್ಪ ಒಳಗೊಳಗೇ ಎಷ್ಟು ಸಲ ಬೈದುಕೊಂಡಿದ್ದನೋ! ಅವನು ಕೊರಡಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಆಕೆಯ ಕೈಯಿಂದ ಕೊಡಲಿ ತೆಗೆದುಕೊಂಡು ತಾನೇ ಕಡಿಯತೊಡಗಿದ. ಬ್ಲೇಡಿನ ಮಾತು ಮತ್ತೆ ಎತ್ತಲಿಲ್ಲ.

ಶೈಲಜಾ ಬಂದದ್ದು ಅದರ ಮರುದಿನದ ಸಂಜೆ ಬಸ್ಸಿಗೆ. ಬಂದವಳಿಗೆ ಗೋಡೆಯಾಚೆಯಿಂದ ಕೊಡಲಿಯ ಸಪ್ಪಳ ಕೇಳಿಸಿತು. ಕೈಚೀಲವನ್ನು ಅಂಗಳದಲ್ಲೇ ಬಿಟ್ಟು ಬೇವಿನ ಗಿಡದ ಕೆಳಗೆ ಓಡಿ ಬಂದಳು. ಮಡಿವಾಳೆಪ್ಪ ಬಣವೆಯಿಂದ ಕಣಕಿ ಎಳೆದುಕೊಡುತ್ತಿದ್ದ, ಕೊಡಲಿ ಮತ್ತೆ ಸಿದ್ದಲಿಂಗವ್ವನ ಕೈಯಲ್ಲಿತ್ತು. ತೊಟ್ಟಿಯಲ್ಲಿ ಬಿದ್ದಿದ್ದ ಗಂಟು ನೋಡಿದಳು, ಕೊರಡು ನೋಡಿದಳು, ಅಕ್ಕನ ಮುಖ ನೋಡಿದಳು.

"ಕೊಡ್ಲಿ ಕೆಳಗ ಇಡ್ರಿ ಅಕ್ಕಾ."

"ಮನಿಗೆ ಹೋಗವಾ. ನಿಮ್ಮ ಮನ್ಯಾಗ ಸ್ವಿಚ್ ಹಾಕಿದ್ರ ಕಣಕಿ ಕಡೀತೈತಂತ. ನಿನಗಿಲ್ಲೇನು ಕೆಲಸ?"

"ಅದು ಯಾರ ಸಲುವಾಗಿ ತರಿಸಿದ್ದು ಅಂತ ತಿಳದೀರಿ?" ಎಂದಳು ಶೈಲಜಾ. "ನೀವು ಸೆರಗಿನ ಕೆಳಗ ರಟ್ಟಿಗೆ ಅರಿಷಿಣದ ಅರಬಿ ಕಟಗೊಂಡು ಬರೂದು ನನಗ ಕಾಣಂಗಿಲ್ಲೇನ್ರಿ? ದಿನಾ ಎದುರಿಗೆ ನಿಂತಾಕಿಗೆ? ಗಾಲಿ ಬಿಡ್ರಿ ಅಂದ್ರ ಬಿಡಾಕಿ ಅಲ್ಲ ನೀವು. ಅದಕ್ಕs ಇವರ ಬೆನ್ನು ಹತ್ತಿ ತರಸಿದೆ. ಎರಡೂ ಮನಿ ಕಣಕಿ ಅದರಾಗs ಕಡಿಯೂಣು, ಅಕ್ಕಗ ನಾನs ಬಂದು ಹೇಳತೇನಿ ಅಂತ ಹೇಳಿ ಹೋಗಿದ್ದೆ. ನಾ ಬರೂದ್ರಾಗ ಇವರು ಬ್ಲೇಡು ಕಳಸ್ಯಾರ. ವೈನಿಗೆ ಮಷಿನ್ನು ಪೂರಾ ಆತು, ಭಾಳ ಖುಷಿ ಪಡತಾರ ಅಂತ ಮಾಡ್ಯಾರ."

ಸಿದ್ದಲಿಂಗವ್ವ ಸೆರಗನ್ನು ರಟ್ಟೆಯ ಮೇಲೆ ಎಳೆದುಕೊಂಡಳು.

"ಇನ್ನೊಂದು ಹೇಳ್ಲೇನು?" ಎಂದಳು ಶೈಲಜಾ. "ಪಾಲಾದ ಎರಡನೇ ಸುಗ್ಗ್ಯಾಗs ಇವರು ಹೊಸಾ ಮಷಿನ್ನು ತರತೇನಿ ಅಂತ ಹೊಂಟಿದ್ರು. ರೊಕ್ಕಾನೂ ಇತ್ತು. ನಾನs ಬ್ಯಾಡ ಅಂದೆ. ಆಮ್ಯಾಲ ಎಷ್ಟು ಸರ್ತಿ ಹೊಂಟ್ರೋ, ಅಷ್ಟು ಸರ್ತಿ ಬ್ಯಾಡ ಅಂದೆ."

"ಯಾಕ ಬ್ಯಾಡ ಅಂದಿ?"

"ನೀವ್ಯಾಕ ಗಾಲಿ ಇಟಗೊಂಡ್ರಿ?"

ಕೊಡಲಿ ಜಾರಿ ನೆಲಕ್ಕೆ ಬಿತ್ತು. ಇಷ್ಟು ವರ್ಷ ತಾನೊಬ್ಬಳೇ ಜೀವ ತೇಯ್ದು ಆ ಒಂದು ತಾಸನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು ಸಿದ್ದಲಿಂಗವ್ವ. ಅದನ್ನು ಆಚೆಯಿಂದಲೂ ಒಬ್ಬಳು ಹಿಡಿದುಕೊಂಡಿದ್ದಳು. ಇಬ್ಬರೂ ಅಳುತ್ತ ನಗುತ್ತ ನಿಂತರು. ಮಡಿವಾಳೆಪ್ಪ ಅದನ್ನು ನೋಡಲಾರದೆ ಎಮ್ಮೆಗಳ ಕಡೆ ತಿರುಗಿ ಸುಳ್ಳುಸುಳ್ಳೇ ಹಗ್ಗ ಸರಿಮಾಡಿದ.

ಮರುದಿನ ಸಂಜೆ ಎರಡು ಸಿವುಡು ಕಣಕಿಯನ್ನು ಮಡಿವಾಳೆಪ್ಪನೇ ತಲೆಯ ಮೇಲೆ ಹೊತ್ತು ತಮ್ಮನ ಬಾಗಿಲಿಗೆ ಹೋದ, ಹಿಂದೆ ಸಿದ್ದಲಿಂಗವ್ವ. ಹೊಸ್ತಿಲ ಮುಂದೆ ಅವನ ಕಾಲು ನಿಂತುಬಿಟ್ಟವು. ಒಳಗಿಂದ ನಿಜಗುಣಪ್ಪ ಬಂದು ಹೊರೆಗೆ ಕೈ ಹಾಕಿದ. "ಒಳಗ ಬಾ ಅಣ್ಣಾ. ಚಾ ಇಟ್ಟಾರ," ಎಂದ. ಅಷ್ಟೇ. ಮಡಿವಾಳೆಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ. ಇಷ್ಟು ಮಾತಿಗೆ ಇಷ್ಟು ವರ್ಷ ಹಿಡಿದಿತ್ತು.

ಹೆಂಗಸರು ದನದ ಮನೆಗೆ ಹೋದರು. ಶೈಲಜಾ ಸ್ವಿಚ್ಚು ಹಾಕಿದಳು. ಮಷಿನ್ನು ಗುಯ್ಯೆಂದು ಎದ್ದು, ಕೊಟ್ಟ ಕಣಕಿಯನ್ನೆಲ್ಲ ಗಬಗಬ ನುಂಗಿ ಆಚೆ ಉಗುಳಿತು. ಎಷ್ಟು ಸಣ್ಣದಾಗಿ, ಎಷ್ಟು ಒಂದೇ ಸಮನಾಗಿ! ಸಿದ್ದಲಿಂಗವ್ವ ಒಂದು ಮುಷ್ಟಿ ಎತ್ತಿ ನೋಡಿ ಮೆಚ್ಚಿದಳು. ಏನೋ ಹೇಳಲು ಬಾಯಿ ತೆರೆದಳು, ಆ ಸದ್ದಿನಲ್ಲಿ ಅವಳ ಮಾತು ಅವಳಿಗೇ ಕೇಳಿಸಲಿಲ್ಲ. ಒಳಗೆ ಗಂಡಸರು ಚಹಾ ಕುಡಿದು ಕಪ್ಪು ಬಸಿ ಕೆಳಗಿಡುವುದರೊಳಗೆ ಎರಡೂ ಮನೆಯ ಕಣಕಿ ಮುಗಿದುಹೋಗಿತ್ತು.

"ಇಷ್ಟ ಲಗೂ ಆತs?" ಎಂದಳು ಸಿದ್ದಲಿಂಗವ್ವ. ಬುಟ್ಟಿ ತುಂಬಿಕೊಂಡು ಮನೆಗೆ ಬಂದಳು. ರಟ್ಟೆ ನೋಯುತ್ತಿರಲಿಲ್ಲ. ಆದರೆ ಆ ಸಂಜೆಯ ಉಳಿದ ಹೊತ್ತನ್ನು ಏನು ಮಾಡುವುದೆಂದು ತಿಳಿಯದೆ ಕಟ್ಟೆಯ ಮೇಲೆ ಸುಮ್ಮನೆ ಕುಳಿತಳು. ಎಲ್ಲ ಸರಿಹೋಯಿತು, ತಾನು ಬೇಡಿಕೊಂಡದ್ದಕ್ಕಿಂತ ಹೆಚ್ಚೇ ಸರಿಹೋಯಿತು ಎಂದು ಎಷ್ಟು ಹೇಳಿಕೊಂಡರೂ ಒಳಗೆ ಏನೋ ಬರಿದಾಗಿತ್ತು.

ಮರುದಿನವೂ ಆಚೆ ಮನೆಗೆ ಹೋದಳು. ಮಷಿನ್ನು ಎದ್ದಿತು, ಒಂದು ಸಿವುಡು ನುಂಗಿತು, ಇನ್ನೊಂದು ಅರ್ಧಕ್ಕೆ ಬಂದಿತು. ಆಗ ಶೈಲಜಾ ಗೋಡೆಯ ಕಡೆ ಕೈ ಚಾಚಿ ಸ್ವಿಚ್ಚು ತೆಗೆದಳು. ದನದ ಮನೆ ಒಮ್ಮೆಲೆ ಶಾಂತವಾಯಿತು.

"ಕರೆಂಟ್ ಹೋತಕ್ಕಾ," ಎಂದಳು. ಕಣಕಿಯ ಹೊರೆಯ ಮೇಲೆ ಕುಳಿತು, ಪಕ್ಕದ ಜಾಗವನ್ನು ಸೆರಗಿನಿಂದ ಝಾಡಿಸಿದಳು. "ಬರ್ರಿ, ಕುಂಡರ್ರಿ. ಯಾವಾಗ ಬರತೈತೋ ಏನೋ."

ಅವರ ತಲೆಯ ಮೇಲೆ ಬಲ್ಬು ಝಗಝಗ ಉರಿಯುತ್ತಿತ್ತು. ಸಿದ್ದಲಿಂಗವ್ವ ಬಲ್ಬಿನ ಕಡೆ ಒಮ್ಮೆ ನೋಡಿದಳು, ಶೈಲಜಾಳ ಕಡೆ ಒಮ್ಮೆ ನೋಡಿದಳು.

"ಹೌದವಾ. ಇತ್ತಿತ್ತಲಾಗ ಈ ಕರೆಂಟಿಂದು ಭಾಳ ತ್ರಾಸ ಆಗೇತಿ," ಎಂದು ಹೇಳಿ ಆಕೆಯ ಪಕ್ಕದಲ್ಲಿ ಕುಳಿತಳು.